ಪೆಟ್ಟಿಗೆ ಒಪ್ಪದ ಓರ್ವಿಲ್

ಅಮೆರಿಕದ ನೆಬ್ರಾಸ್ಕದ ಓರ್ವಿಲ್ ಬ್ರಾಂಟ್, ಲಾರಿ ಓಡಿದ ಗಂಟೆಗಳನ್ನು ತಾನೇ ಬರೆದುಕೊಳ್ಳುವ ಪೆಟ್ಟಿಗೆಯನ್ನು ಸೋಮವಾರದೊಳಗೆ ತನ್ನ ಹೊಸ ಲಾರಿಗೆ ಕೂರಿಸಲೇಬೇಕು, ಇಲ್ಲದಿದ್ದರೆ ಕಾನೂನಿನಂತೆ ಲಾರಿ ಅಂಗಳ ಬಿಡುವಂತಿಲ್ಲ. ಆದರೂ ಈಗಾಗಲೇ ನಾಲ್ಕನ್ನು ತಂದು ನಾಲ್ಕನ್ನೂ ಹಿಂದಿರುಗಿಸಿದ್ದಾನೆ. ಒಂದರ ಅಕ್ಷರ ಇರುವೆಯಷ್ಟು, ಒಂದು ಚಳಿಗೆ ಮೂಕವಾಗುತ್ತದೆ, ಇನ್ನೊಂದು ಅತ್ತೆಯ ಹಾಗೆ ಗದರುತ್ತದೆ. ಡೀಸೆಲ್ ಬಂಕಿನಲ್ಲಿ ಸಿಕ್ಕಸಿಕ್ಕ ಲಾರಿಯ ಬಾಗಿಲು ತಟ್ಟಿ, "ನಿಂದು ಹೇಗಿದೆ ಮಾರಾಯ?" ಎಂದು ವಿಚಾರಿಸುತ್ತಾನೆ. "ನನ್ನನ್ನ ಮದ್ವೆ ಆಗೋಕೆ ನಿಂಗೆ ಎರಡೇ ವಾರ ಸಾಕಾಗಿತ್ತು," ಎಂದು ಪಕ್ಕದ ಸೀಟಿನಿಂದ ಹೆಂಡತಿ ವಿಲ್ಮಾ ಕೆಣಕಿದರೆ, "ವಾಪಸ್ ಕೊಡೋ ಹಾಗಿರ್ಲಿಲ್ವಲ್ಲ," ಎನ್ನುತ್ತಾನೆ. ಆದರೆ ಅಂಗಡಿಯೊಳಗೆ, ಅವಳಿಗೆ ಕೇಳಿಸದಂತೆ, ಅವನ ಪ್ರಶ್ನೆ ಒಂದೇ: "ಲೈಸೆನ್ಸ್ ನಂಬರ್ ಇಲ್ದೆ ಎರಡನೇ ಡ್ರೈವರ್ ಹೆಸರು ಹಾಕ್ಬಹುದಾ?" ಅವನ ಜೊತೆ ಸರದಿಯಲ್ಲಿ ಲಾರಿ ಓಡಿಸುತ್ತಿದ್ದ ವಿಲ್ಮಾ ಕಣ್ಣು ಮಂಜಾಗಿ ಲೈಸೆನ್ಸ್ ಒಪ್ಪಿಸಿ ಮೂರು ವರ್ಷವಾಯಿತು, ಹಳೆಯ ಲಾರಿಯ ಗಂಟೆ ಬರೆಯುವ ಕಾಗದದ ಪುಸ್ತಕದಲ್ಲಿ ಮಾತ್ರ ಅವನು ದಿನವೂ ಎರಡನೇ ಡ್ರೈವರ್ ಸಾಲಿನಲ್ಲಿ ಅವಳ ಹೆಸರು ಬರೆಯುತ್ತಲೇ ಬಂದಿದ್ದ. "ಹೆಸರು ಆಗಲ್ಲ ಸರ್. ಬೇಕಾದ್ರೆ ದಿನಾ ಕೆಳಗೆ ಷರಾ ಬರೀಬಹುದು," ಎಂದಳು, ಶನಿವಾರ, ಐದನೆಯ ಅಂಗಡಿಯವಳು. ಓರ್ವಿಲ್ ಅಲ್ಲೇ ನಿಂತು ಪೆಟ್ಟಿಗೆಯ ಮೇಲೆ ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ: "ವಿಲ್ಮಾ ಜೊತೆಗಿದ್ದಾಳೆ." ಎರಡು ಸಲ ಓದಿಕೊಂಡು, "ಇದನ್ನೇ ಕೊಡಮ್ಮ," ಅಂದ.