ನಿಂತು ನುಡಿಸಲಾರದ ಬ್ಯಾಂಡು

ನಾನು ಬಿ.ಎ. ಪಾಸಾದವನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ನಾಲ್ಕನೆಯ ಇಯತ್ತೆಯನ್ನು ದಾಟಿರಲಿಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಸ್ವಭಾವ ನನ್ನದಲ್ಲ. ಆದರೆ ಎಲ್ಲಿ ಕೂತು ಓದಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ನಗು ಬಂದುಬಿಡುತ್ತದೆ. ಬ್ಯಾಂಡಿನ ಗದ್ದಲದಿಂದ ತಪ್ಪಿಸಿಕೊಳ್ಳಲು ನಾನು ಓಡಿಹೋಗಿ ಕೂತದ್ದು ಬ್ಯಾಂಡ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ!

ನನ್ನಪ್ಪ ಪುಣೆಯಲ್ಲಿ ಒಂದು ಮದುವೆ ಬ್ಯಾಂಡಿನ ಮುಖ್ಯಸ್ಥ. ಬೆಳಗಾವಿ ಕಡೆಯ ವಾಜಂತ್ರಿಯವರು ನಾವು. ಅಜ್ಜ ಶಹನಾಯಿ ಊದುತ್ತ ಈ ಊರಿಗೆ ಬಂದ. ಅಪ್ಪ ಕಾಲ ನೋಡಿ ಕ್ಲಾರಿನೆಟ್ ಹಿಡಿದ. ಅಪ್ಪನ ತಮ್ಮ, ನನ್ನ ಕಾಕಾ, ದೊಡ್ಡ ಢೋಲು ಬಾರಿಸುತ್ತಿದ್ದ. ಉಳಿದವರೆಲ್ಲ ಬಳಗದವರೇ. ರಾಸ್ತಾ ಪೇಠೆಯ ಒಂದು ವಾಡೆಯಲ್ಲಿ ನಮ್ಮ ಮನೆ, ಅದರ ಅಂಗಳದಲ್ಲಿ ಅವರ ತಾಲೀಮು. ಕಾಲೇಜಿನ ಪುಸ್ತಕ ತೆರೆದರೆ ಅಕ್ಷರಗಳೇ ಢೋಲಿಗೆ ಕುಣಿಯುತ್ತಿದ್ದವು. ಹಾಗಾಗಿ ನಾನು ಕ್ಯಾಂಪು ದಾಟಿ, ನದಿಯ ದಂಡೆಯ ತೋಟಕ್ಕೆ ಹೋಗುತ್ತಿದ್ದೆ. ಅಲ್ಲೊಂದು ಬ್ಯಾಂಡ್‌ಸ್ಟ್ಯಾಂಡ್. ಎಂಟು ಮೂಲೆಯ ಕಲ್ಲಿನ ಕಟ್ಟೆ, ಎರಕದ ಕಬ್ಬಿಣದ ಕಂಬಗಳು, ಬಿಚ್ಚಿದ ಛತ್ರಿಯಂಥ ತಗಡಿನ ಮಾಡು. ಮೊದಲು ಅಲ್ಲಿ ರವಿವಾರ ರವಿವಾರ ಗೋರಾ ಪಲ್ಟಣದ, ಅಂದರೆ ಬಿಳಿಯ ಸಿಪಾಯಿಗಳ, ಬ್ಯಾಂಡು ನುಡಿಯುತ್ತಿತ್ತು. ಆ ಪಲ್ಟಣಕ್ಕೆ ಬೇರೆ ಊರಿಗೆ ಬದಲಿಯಾಗಿ, ಬ್ಯಾಂಡ್‌ಸ್ಟ್ಯಾಂಡು ನನ್ನ ಪುಣ್ಯಕ್ಕೆ ಖಾಲಿ ಬಿದ್ದಿತ್ತು.

ತೋಟದ ಮೇಲ್ವಿಚಾರಕರು ವಯಸ್ಸಾದ ಪಾರ್ಸಿ ಗೃಹಸ್ಥರು. ಎಲ್ಲರೂ ಬಾವಾಜಿ ಎನ್ನುತ್ತಿದ್ದರು. ಅರ್ಧ ಗುಜರಾತಿ, ಅರ್ಧ ಮರಾಠಿಯಲ್ಲಿ ಬೈಯುತ್ತಿದ್ದರು. ಪ್ರೀತಿಯೂ ಅದೇ ಭಾಷೆಯಲ್ಲಿಯೇ. ಹುಲ್ಲಿನ ಮೇಲೆ ಕಾಲಿಟ್ಟರೆ ಗೌರ್ನರನನ್ನೂ ಬಿಡುವವರಲ್ಲ. ಮೆಟ್ಟಿಲ ಮೇಲೆ ಕೂತು ಓದುವ ನನ್ನನ್ನು ಮೊದಲ ವರ್ಷ ಓಡಿಸಿದರು, ಎರಡನೆಯ ವರ್ಷ ಸಹಿಸಿದರು, ಕಡೆಯ ವರ್ಷ ಮಳೆ ಬಂದರೆ ಮೇಲೆ ಹೋಗಿ ಕೂರು ಎಂದು ಗದರಿಸಿದರು. ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಮನೆಗಿಂತ ಮೊದಲು ಅವರ ಬಳಿಗೇ ಓಡಿದೆ.

"ಪಾಸಾ? ಶಾಬಾಸ್ ದೀಕ್ರಾ! ಏನು ಬೇಕು ಕೇಳು," ಎಂದರು.

ಒಂದು ಪೆನ್ನೋ, ಟೊಪ್ಪಿಗೆಯೋ ಕೇಳುತ್ತೇನೆ ಎಂದುಕೊಂಡಿದ್ದರೇನೋ. ನಾನು ಕೇಳಿದೆ: "ನನ್ನಪ್ಪನ ಬ್ಯಾಂಡು ಇಲ್ಲಿ ನುಡಿಸಬೇಕು."

ಹಾಗೆ ಕೇಳಲು ಕಾರಣವಿತ್ತು. ಆಷಾಢ ಹಿಡಿದರೆ ತುಳಸಿ ಲಗ್ನದ ತನಕ ಮದುವೆಯ ಮುಹೂರ್ತವೇ ಇರುವುದಿಲ್ಲ. ನಡುವೆ ಗಣಪತಿ ಹಬ್ಬ ಬಿಟ್ಟರೆ ವಾದ್ಯಗಳೆಲ್ಲ ಗೂಟಕ್ಕೆ. ಪ್ರತಿ ಮಳೆಗಾಲ ಬ್ಯಾಂಡಿನವರು ಚದುರಿಹೋಗುತ್ತಿದ್ದರು, ಒಬ್ಬ ತರಕಾರಿ ಮಾರಲು, ಒಬ್ಬ ಹಮಾಲಿಗೆ. ಮರಳಿ ಕೂಡುವಾಗ ಒಬ್ಬಿಬ್ಬರು ಕಡಿಮೆ. ಈ ಸಲ ಅಪ್ಪ ಒಂದು ರಾತ್ರಿ ಅವ್ವನ ಮುಂದೆ, "ಇನ್ನೊಂದ್ ಮಳಿಗಾಲ ಹಿಂಗಾದ್ರ ಬ್ಯಾಂಡ್ ಮುಗೀತು ತಿಳಿ," ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಇನ್ನೊಂದು ಮಾತು. ಮದುವೆಯಲ್ಲಿ ಬ್ಯಾಂಡಿನವರು ಎಲ್ಲರಿಗಿಂತ ಮುಂದೆ ನಡೆಯುವವರು, ಎಲ್ಲರಿಗಿಂತ ಕಡೆಗೆ ಉಣ್ಣುವವರು, ಅದೂ ಚಪ್ಪರದ ಹೊರಗೆ. ನುಡಿಸುವವರು ಮೇಲೆ, ಕೇಳುವವರು ಕೆಳಗೆ ಎನ್ನುವ ಜಾಗ ನಾನು ಕಂಡದ್ದು ಅದೊಂದೇ, ಆ ಎಂಟು ಮೂಲೆಯ ಕಟ್ಟೆ. ಅಲ್ಲಿ ಅಪ್ಪನನ್ನು ನಿಲ್ಲಿಸಿ ನೋಡಬೇಕೆಂದು ಓದುವಾಗಲೆಲ್ಲ ಅನಿಸುತ್ತಿತ್ತು.

ಬಾವಾಜಿ ಗಡ್ಡ ಕೆರೆದುಕೊಂಡರು. "ಒಂದು ರವಿವಾರ ಕೊಡುತ್ತೇನೆ. ಕುರ್ಚಿ ಹಾಕಿಸುತ್ತೇನೆ. ಜನ ಕೊನೆತನಕ ಕೂತು ಕೇಳಿದರೆ ದೀಪಾವಳಿವರೆಗೂ ಎಲ್ಲ ರವಿವಾರ ನಿಮ್ಮದೇ, ಮಜೂರಿ ಸಮೇತ. ಎದ್ದು ಹೋದರೋ, ಅಲ್ಲಿಗೆ ಮುಗಿಯಿತು. ಆಮೇಲೆ ಬಿ.ಎ. ಅಂತ ಬಂದು ನನ್ನ ತಲೆ ತಿನ್ನಬೇಡ."

ಮನೆಗೆ ಬಂದು ಎರಡೂ ಸುದ್ದಿ ಹೇಳಿದೆ. ಬಿ.ಎ. ಸುದ್ದಿಗೆ ಅವ್ವ ಅತ್ತಳು. ಬ್ಯಾಂಡ್‌ಸ್ಟ್ಯಾಂಡಿನ ಸುದ್ದಿಗೆ ಅಪ್ಪ ಕೂತಲ್ಲಿಂದ ಎದ್ದು, ಮತ್ತೆ ಕೂತು, "ಗೋರ್ಯಾರ ಕಟ್ಟಿ ಮ್ಯಾಲ? ನಾವಾ?" ಎಂದ.

"ನೀವs," ಎಂದೆ.

ತೊಡಕು ಗೊತ್ತಾದದ್ದು ಮರುದಿನದ ತಾಲೀಮಿನಲ್ಲಿ. ನಮ್ಮ ಬ್ಯಾಂಡು ಹುಟ್ಟಿದಾಗಿನಿಂದ ವರಾತದಲ್ಲಿ, ಅಂದರೆ ಮದುವೆಯ ಮೆರವಣಿಗೆಯಲ್ಲಿ, ನಡೆಯುತ್ತಲೇ ನುಡಿಸಿದ್ದು. ಬರೆದ ಸ್ವರ ಓದುವವರು ಒಬ್ಬರೂ ಇಲ್ಲ. ಅವರ ತಾಳವೆಲ್ಲ ಪಾದದಲ್ಲಿ. ಅಪ್ಪ ಮುಂದೆ, ಆದರೆ ಹಿಮ್ಮುಖವಾಗಿ, ತನ್ನವರನ್ನು ನೋಡುತ್ತ ಕ್ಲಾರಿನೆಟ್ ಊದುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಎಡವಬಾರದೆಂದು ಅವನ ಬೆನ್ನ ಹಿಂದೆ ಒಬ್ಬ ಇರುತ್ತಿದ್ದ. ಬೆನ್ನಿಗೆ ಅಂಗೈ ತಾಗಿದರೆ ದಾರಿ ಸಾಫ್ ಇದೆ, ಬಾ ಎಂದು ಅರ್ಥ. ಅಂಗೈ ತೆಗೆದರೆ ನಿಲ್ಲು. ಮಾತಿಲ್ಲ, ಕತೆಯಿಲ್ಲ. ಪುಣೆಯ ಎಲ್ಲ ಪೇಠೆಗಳ ಗಟಾರಗಳನ್ನು ಅಪ್ಪ ಹಾಗೆ ಹಿಮ್ಮುಖವಾಗಿಯೇ ದಾಟಿದ್ದ.

ಅವರನ್ನು ಅಂಗಳದಲ್ಲಿ ನಿಲ್ಲಿಸಿ ನುಡಿಸಿ ಎಂದರೆ, ದೇವರೇ! ಕ್ಲಾರಿನೆಟ್ ಒಂದು ಕಡೆ, ತುತ್ತೂರಿ ಒಂದು ಕಡೆ, ಢೋಲು ಸಂತೆಗೆ ಹೋದಂತೆ ಎತ್ತಲೋ.

"ಕಾಕಾ, ಸುಮ್ಮನ ನಿಂತು ಬಾರಸು," ಎಂದೆ.

"ನಿಂತ್ರ ಕೈ ಏಳೂದಿಲ್ಲೋ ತಮ್ಮಾ. ಕಾಲ ಹೋದಂಗ ಕೈ ಹೊಕ್ಕೈತಿ."

ನಾನು ಓದಿದವನಲ್ಲವೇ, ಉಪಾಯ ಹುಡುಕಿದೆ. ಸೀಮೆಸುಣ್ಣ ತಂದು ಒಬ್ಬೊಬ್ಬರ ಪಾದದ ಸುತ್ತ ಒಂದೊಂದು ವೃತ್ತ ಬರೆದು, ಇದರಿಂದ ಹೊರಗೆ ಕಾಲಿಡಬೇಡಿ ಎಂದು ತಾಕೀತು ಮಾಡಿದೆ. ಕಾಕಾ ಬಗ್ಗಿ ನೋಡಿದ. "ಬರ್ರಿ ಬರ್ರಿ, ನೋಡ್ರಿ! ಬಿ.ಎ. ಓದಿ ಸುಣ್ಣದಾಗ ಸೊನ್ನಿ ಬರ್ಯೂದು ಕಲತ ಬಂದಾನ!" ಎಂದು ವಾಡೆಯ ಮಂದಿಯನ್ನೆಲ್ಲ ಕರೆದ. ನಗಲಿ ಬಿಡಿ, ನಾಲ್ಕಾರು ದಿನಕ್ಕೆ ಹೇಗೋ ಒಂದು ಹಾಡನ್ನು ಸೊನ್ನೆಯೊಳಗೇ ಮುಗಿಸುವಷ್ಟು ಸುಧಾರಿಸಿದರು.

ಆ ರವಿವಾರ ಬಂತು. ಮಳೆ ಬಂದು ನಿಂತು, ತೋಟವೆಲ್ಲ ತೊಳೆದಿಟ್ಟಂತೆ ಇತ್ತು. ಮುಂದಿನ ಕುರ್ಚಿಗಳಲ್ಲಿ ಸಾಹೇಬರು, ಮಡಮ್ಮಗಳು, ಗರಿಗರಿ ಸೀರೆಯ ಪಾರ್ಸಿ ಹೆಂಗಸರು. ಹಿಂದೆ ಕ್ಯಾಂಪಿನ ಅಂಗಡಿಕಾರರು, ಆಯಾಗಳು, ಗಾಡಿಯಲ್ಲಿ ಕೂತ ಮಕ್ಕಳು. ಅವ್ವ ಒಂದು ಮರದ ಕೆಳಗೆ ಸೆರಗು ಹೊದ್ದು ಕೂತಿದ್ದಳು. ಮದುವೆಗೆ ಬ್ಯಾಂಡಿನವರ ಹೆಂಡಂದಿರನ್ನು ಯಾರು ಕರೆಯುತ್ತಾರೆ? ಅವಳು ಅಪ್ಪನ ಬ್ಯಾಂಡನ್ನು ವಾಡೆಯ ಹೊರಗೆ ಕೇಳುವುದು ಅದೇ ಮೊದಲು. ಬಾವಾಜಿ ಅಂಚಿನ ಕುರ್ಚಿಯಲ್ಲಿ ಬೆತ್ತ ಊರಿ ಕೂತರು. ನಾನು ಕಟ್ಟೆಯ ಮೇಲೂ ಸುಣ್ಣದ ಸೊನ್ನೆಗಳನ್ನು ಬರೆದಿಟ್ಟು, ಹೊಸ ಕೋಟು ತೊಟ್ಟು ಮೆಟ್ಟಿಲ ಬುಡದಲ್ಲಿ ನಿಂತೆ.

ಅಪ್ಪ ಮೇಲೆ ಹತ್ತಿ ಒಮ್ಮೆ ಕೆಳಗೆ ನೋಡಿದ. ಆ ನೋಟವನ್ನು ನಾನು ಈಗಲೂ ಮರೆತಿಲ್ಲ. ಕೇಳುವವರ ನೆತ್ತಿಗಳನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೊದಲ ಹಾಡು ದಿವಿನಾಗಿ ಹೋಯಿತು. ಎಲ್ಲರ ಕಾಲೂ ಸೊನ್ನೆಯಲ್ಲಿ. ಸಾಹೇಬರು ಬೆರಳ ತುದಿಯಿಂದ ಚಪ್ಪಾಳೆ ತಟ್ಟಿದರು. ಬಾವಾಜಿ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನಾನು ಮನಸ್ಸಿನಲ್ಲೇ ದೀಪಾವಳಿಯವರೆಗಿನ ರವಿವಾರಗಳನ್ನೆಲ್ಲ ಜೇಬಿಗೆ ಹಾಕಿಕೊಂಡೆ.

ಎರಡನೆಯ ಹಾಡು ವರಾತದ್ದು. ಮದುಮಗ ಕುದುರೆ ಹತ್ತಿದ ಕೂಡಲೇ ಹೊಡೆಯುವ ಏರುಲಯದ ಹಾಡು. ಕಾಕಾನ ಬಲಗಾಲಿನ ಹೆಬ್ಬೆರಳು ಮೊದಲು ಅಲುಗಿತು. ಆಮೇಲೆ ಹಿಮ್ಮಡಿ. ನಾನು ಕೆಳಗಿನಿಂದ ಕಣ್ಣು ಕೆಕ್ಕರಿಸಿದೆ. ಅವನು ಕಣ್ಣು ಮುಚ್ಚಿಬಿಟ್ಟ! ಒಂದು ಹೆಜ್ಜೆ ಸೊನ್ನೆಯಾಚೆ ಬಿತ್ತು ನೋಡಿ, ಹಿಂದಿನಿಂದ ತುತ್ತೂರಿಯವನು, ಅವನ ಹಿಂದೆ ತಾಳದವನು. ಎಂಟು ಮೂಲೆಯ ಕಟ್ಟೆಯಲ್ಲಿ ನಡೆಯಲು ಎಲ್ಲಿದೆ ದಾರಿ? ಸುತ್ತುವುದೊಂದೇ. ಗಾಣದ ಎತ್ತಿನಂತೆ ಸುತ್ತತೊಡಗಿದರು. ಸುತ್ತು ಸಣ್ಣದು, ಲಯ ಜೋರು. ಎರಡು ಸುತ್ತಿಗೆ ತುತ್ತೂರಿಯವನಿಗೆ ತಲೆ ತಿರುಗಿ ಕಂಬ ಹಿಡಿದ, ಊದುವುದು ಮಾತ್ರ ಬಿಡಲಿಲ್ಲ. ಕಂಬ ಬಿಟ್ಟು ಮುಂದಿನವನ ಅಂಗಿ ಹಿಡಿದ. ಅವನೂ ತೂರಾಡಿದ. ನೋಡುತ್ತ ನಿಂತ ನನಗೇ ತಲೆ ಗಿರ್ರೆಂದಿತು.

ಇಷ್ಟರಲ್ಲಿ ನೋಡುತ್ತೇನೆ, ಹಿಮ್ಮುಖವಾಗಿ ಸುತ್ತುತ್ತಿದ್ದ ಅಪ್ಪ ಮೆಟ್ಟಿಲ ಬಾಯಿಗೆ ಬಂದಿದ್ದಾನೆ. ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಅಂಗಾತ ಬೀಳುತ್ತಾನೆ. ನಾನು ಒಂದೇ ನೆಗೆತಕ್ಕೆ ಮೆಟ್ಟಿಲು ಹತ್ತಿ ಅವನ ಬೆನ್ನಿಗೆ ಅಂಗೈ ಒತ್ತಿ ಹಿಡಿದೆ.

ಬೆನ್ನಿಗೆ ಅಂಗೈ! ದಾರಿ ಸಾಫ್ ಇದೆ, ಬಾ!

ಅಪ್ಪ ಬಂದ. ಒಂದು ಸ್ವರವನ್ನೂ ತಪ್ಪದೆ, ಹಿಂದಿರುಗಿ ನೋಡದೆ, ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದ. ಅವನ ಹಿಂದೆ ಢೋಲು, ತುತ್ತೂರಿ, ತಾಳ, ಇಡೀ ಬ್ಯಾಂಡು ಕಟ್ಟೆಯಿಂದ ಉಕ್ಕಿ ಚೆಲ್ಲಿತು. ಈಗ ಕೈ ತೆಗೆದರೆ ನಡುದಾರಿಯಲ್ಲೇ ನಿಂತುಬಿಡುತ್ತಾನೆ, ಹಿಂದಿನವರೆಲ್ಲ ಬಂದು ಅವನ ಮೇಲೆ ಬೀಳುತ್ತಾರೆ. ತೆಗೆಯಲಿಲ್ಲ. ಕೋಟು ತೊಟ್ಟ ಬಿ.ಎ. ಪದವೀಧರ, ಅಪ್ಪನ ಬೆನ್ನಿಗೆ ಕೈಯಿಟ್ಟು, ಸಾಹೇಬರ ಕುರ್ಚಿಗಳ ನಡುವೆ ಮೆರವಣಿಗೆ ನಡೆಸಿಕೊಂಡು ಹೊರಟೆ. ನೆಲ ಸಿಕ್ಕ ಕೂಡಲೇ ಆ ಬ್ಯಾಂಡು ನುಡಿದದ್ದನ್ನು ಏನೆಂದು ಹೇಳಲಿ! ಹಳ್ಳಕ್ಕೆ ನೀರು ಬಂದ ಹಾಗೆ.

ಮೊದಲು ಎದ್ದದ್ದು ಮಕ್ಕಳು. ಆಮೇಲೆ ಮಕ್ಕಳ ಹಿಂದೆ ಆಯಾಗಳು, ಆಯಾಗಳನ್ನು ಕರೆಯುತ್ತ ಮಡಮ್ಮಗಳು. ಪಾರ್ಸಿ ಹೆಂಗಸರು ಕಾಲುಚೀಲದ ಮೇಲೆ ಕೆಸರು ಹಾರುವುದನ್ನೂ ಲೆಕ್ಕಿಸದೆ ಕೈ ಕೈ ಹಿಡಿದು ನಡೆದರು. ಬರ್ಫದ ಗೋಲಾ ಮಾರುವವನು ಗಾಡಿಯನ್ನೇ ತಳ್ಳಿಕೊಂಡು ಸೇರಿದ. ತಿರುಗಿ ನೋಡಿದರೆ, ಅವ್ವ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವರನ ತಾಯಿಯ ಗತ್ತಿನಲ್ಲಿ ಎಲ್ಲರ ಮುಂದೆ!

"ಹುಲ್ಲು! ಹುಲ್ಲು!" ಎಂದು ಬಾವಾಜಿ ಬೆತ್ತ ಎತ್ತಿ ಓಡಿಬಂದರು. ಓಡುತ್ತ ಓಡುತ್ತ ಅವರ ಹೆಜ್ಜೆಯೂ ಢೋಲಿಗೆ ಬಿತ್ತು.

ಆಗ ನನ್ನ ಕಣ್ಣಿಗೆ ಕುರ್ಚಿಗಳು ಬಿದ್ದವು. ಸಾಲು ಸಾಲು ಕುರ್ಚಿ, ಒಂದರಲ್ಲೂ ಜನವಿಲ್ಲ. ಎದ್ದು ಹೋದರೋ, ಅಲ್ಲಿಗೆ ಮುಗಿಯಿತು. ಹೇಗಾದರೂ ಮರಳಿ ಕೂರಿಸಬೇಕೆಂದು ಅಪ್ಪನನ್ನು ಬ್ಯಾಂಡ್‌ಸ್ಟ್ಯಾಂಡಿನ ಕಡೆ ತಿರುಗಿಸಿದೆ. ಜನವೂ ತಿರುಗಿತು, ಆದರೆ ಕೂರುವವರು ಯಾರು? ಕಟ್ಟೆಯನ್ನೇ ಸುತ್ತು ಹಾಕಿ, ಕುರ್ಚಿಗಳ ನಡುವೆ ನುಸುಳಿ, ನಾಲ್ಕನ್ನು ಉರುಳಿಸಿ, ಹಾಡು ಮುಗಿದಾಗ ಏದುಸಿರು ಬಿಡುತ್ತ ನಿಂತರು. ನಾನು ಕೈ ತೆಗೆದೆ.

ಬಾವಾಜಿ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದರು. "ನಾನು ಏನು ಹೇಳಿದ್ದೆ?" ಎಂದು ಕೇಳಿದರು.

"ಜನ ಕೊನೆತನಕ ಕೂತಿರಬೇಕು ಎಂದಿದ್ದಿರಿ."

"ಕೂತಿದ್ದಾರೆಯೇ?"

"ಇಲ್ಲ."

"ಮುಂದಿನ ರವಿವಾರ ನಾನು ಕುರ್ಚಿ ಹಾಕಿಸುವುದಿಲ್ಲ."

ಮರಾಠಿ ಅಪ್ಪನಿಗೂ ಬರುತ್ತಿತ್ತಲ್ಲ. ಅವನು ಕ್ಲಾರಿನೆಟ್ಟಿನ ಬಾಯಿ ಒರೆಸಿ, ಬಿಚ್ಚತೊಡಗಿದ. ಕಾಕಾ ಢೋಲಿನ ಪಟ್ಟಿ ಹೆಗಲಿನಿಂದ ಇಳಿಸಿದ.

"ಅದನ್ನು ಯಾಕೆ ಬಿಚ್ಚುತ್ತೀ?" ಬಾವಾಜಿ ಬೆತ್ತ ಬೀಸಿದರು. "ಕೂರುವವರೇ ಇಲ್ಲವೆಂದ ಮೇಲೆ ನನ್ನ ಮಾಲಿಗಳು ಅಷ್ಟು ಕುರ್ಚಿ ಯಾಕೆ ಹೊರಬೇಕು? ಮೇಲೆ ಶುರು ಮಾಡಿ, ಆಮೇಲೆ ಇಳಿಯಿರಿ. ಗುಲಾಬಿ ಪಾತಿಯ ಕಡೆ ಹೋದರೆ ಮಾತ್ರ ಕಾಲು ಮುರಿಯುತ್ತೇನೆ. ದೀಪಾವಳಿ ತನಕ!"

ಯಾರು ಮೊದಲು ಕೂಗಿದರೋ ತಿಳಿಯದು. ಕಾಕಾ ನನ್ನನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದ; ಕೋಟಿನ ಗುಂಡಿ ಎರಡು ಹಾರಿಹೋದವು. ಇಳಿಸಿದ ಮೇಲೆ ಅಪ್ಪನ ಬಳಿ ಹೋದೆ.

"ಅಪ್ಪಾ, ಕಟ್ಟಿ ಮ್ಯಾಲ ನಿಂತು ಪೂರಾ ನುಡಿಸಬೇಕಿತ್ತಲ್ಲ ನೀ?"

"ಒಂದ್ ಹಾಡ ನಿಂತೆ. ಭಾಳ ಆತು," ಎಂದ. ಆಮೇಲೆ ದನಿ ತಗ್ಗಿಸಿ, "ಮ್ಯಾಲ ಚಲೋ ಐತೋ. ಆದ್ರ ಅಲ್ಲಿಂದ ಮಂದಿ ಮಾರಿ ಕಾಣೂದಿಲ್ಲ, ಬರೇ ನೆತ್ತಿ," ಎಂದ.

ಮನೆಗೆ ನಡೆದೇ ಹೊರಟೆವು, ನುಡಿಸುತ್ತಲೇ. ಕ್ಯಾಂಪಿನ ನಾಕೆಯಲ್ಲಿ ಒಬ್ಬ ಪೊಲೀಸ ಅಡ್ಡ ನಿಂತ. ಆಷಾಢದಲ್ಲಿ ಯಾರ ಮದುವೆ ಎಂದು ಮರಾಠಿಯಲ್ಲಿ ಗದರಿಸಿದ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವ್ವ ಮುಂದೆ ಬಂದು, ತನ್ನ ಅರ್ಧ ಕನ್ನಡದ ಮರಾಠಿಯಲ್ಲಿ, "ಮದುವಿ ಅಲ್ರಿ, ಬಿ.ಎ.! ನನ್ನ ಮಗಂದು!" ಎಂದಳು.

ಪೊಲೀಸ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಮತ್ತೆ ಹುಡುಗಿ ಎಲ್ಲಿ?"

"ನೋಡಾಕ ಹತ್ತೇವ್ರಿ," ಎಂದಳು ಅವ್ವ. "ನಿಮ್ಮ ಕಡೆ ಯಾರರೆ ಇದ್ರ ಹೇಳ್ರಿ. ಬ್ಯಾಂಡ್ ಅಂತೂ ಮನ್ಯಾಗs ಐತಿ."