‘ತೆಗೆ’ಯನ್ನು ತೆಗೆದ ಶೋಭಿತಾ

ಹುದಿಕೇರಿ ರಸ್ತೆಯ ಕಾಫಿ ಬೆಳೆಗಾರರ ಸಂಘದ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾಚ್‌ಮನ್ ಜವರ ಸೌದೆಗೆ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದಾನೆ. ಕಚೇರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಶೋಭಿತಾ ಸ್ವೆಟರಿನ ಮೇಲೆ ಶಾಲು ಹೊದ್ದು ಕಂಪ್ಯೂಟರಿನ ಎದುರು ಕೂತಿದ್ದಾರೆ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಓಡುತ್ತಿವೆ. ನನಗೆ ಅದರಲ್ಲಿ ಒಂದೂ ಅರ್ಥವಾಗುತ್ತಿಲ್ಲ. ಅವರು ಮಾತ್ರ ಒಲೆಯ ಮೇಲೆ ಹಾಲಿಟ್ಟವರ ಹಾಗೆ ಕಣ್ಣು ಕೀಳದೆ ನೋಡುತ್ತಿದ್ದಾರೆ.

“ಹೊಸದು ನಿನ್ನೆ ಸಂಜೆ ಬಂತು ಸರ್. ಲಾರಿಗಳು ಬರುವ ಮುಂಚೆ ಹಾಕಿ ಮುಗಿಸ್ಬೇಕು. ತೂಕ ಶುರುವಾದ ಮೇಲೆ ಇದನ್ನ ಮುಟ್ಲಿಕ್ಕೆ ಯಾರೂ ಬಿಡೋದಿಲ್ಲ,” ಎನ್ನುತ್ತಾರೆ, ಪರದೆಯಿಂದ ಮುಖ ತಿರುಗಿಸದೆ.

‘ಹೊಸದು’ ಎಂದರೆ ಒಂದು ಸಾಫ್ಟ್‌ವೇರಿನ ಹೊಸ ಆವೃತ್ತಿ. ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳನ್ನು ಸಾಕಿ ಸಲಹುವ ಸಾಫ್ಟ್‌ವೇರ್ ಅದು. ಎಲ್ಲೆಲ್ಲಿಯದೋ ದೇಶದ ಜನ ಸೇರಿ ಬರೆಯುತ್ತಾರೆ. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ವರ್ಷಕ್ಕೆರಡು ಸಲ ಹೊಸ ಆವೃತ್ತಿ ಬರುತ್ತದೆ. ಅದರ ಇಂಗ್ಲಿಷ್ ಹೆಸರು ಸಂಘದಲ್ಲಿ ಯಾರ ಬಾಯಿಗೂ ಹತ್ತಿಲ್ಲ. ಇಲ್ಲಿ ಎಲ್ಲರಿಗೂ ಅದು ‘ಲೈನ್‌ಮನೆ’. ಆ ಹೆಸರಿಟ್ಟವರೂ ಶೋಭಿತಾ ಅವರೇ.

ಯಾಕೆ ಲೈನ್‌ಮನೆ ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿದೆ. “ಇದ್ರಲ್ಲಿ ಎರಡು ಥರ ಉಂಟು ಸರ್. ವರ್ಚುವಲ್ ಮಷೀನ್ ಅಂದ್ರೆ ಒಂಟಿ ಮನೆ. ಅದರದ್ದೇ ಜಾಗ, ಅದರದ್ದೇ ಬಾವಿ. ಕಂಟೇನರ್ ಅಂದ್ರೆ ನಮ್ಮ ಎಸ್ಟೇಟ್ ಲೈನ್, ಕೆಲಸದವರ ಸಾಲುಮನೆ. ಮೇಲಿನ ಮಾಡು ಒಂದೇ, ನಲ್ಲಿ ಒಂದೇ, ಒಲೆ ಮಾತ್ರ ಅವರವರದ್ದು. ಪಕ್ಕದ ಮನೆ ಸಾರು ಸೀದ್ರೆ ನಮ್ಮ ಸಾರಿಗೆ ಎಂತ ಆಗ್ಬೇಕು?” ಕಂಪ್ಯೂಟರ್ ಬಲ್ಲ ಗೆಳೆಯರು ಈ ವಿಷಯವನ್ನು ನನಗೆ ಎಷ್ಟೋ ಸಲ ಹೇಳಿದ್ದರು. ತಲೆಗೆ ಹೋದದ್ದು ಇವತ್ತು.

ಶೋಭಿತಾ ಹುಟ್ಟಿ ಬೆಳೆದದ್ದು ಬಿಟ್ಟಂಗಾಲದ ಹತ್ತಿರದ ಒಂದು ಎಸ್ಟೇಟಿನ ಲೈನ್‌ನಲ್ಲೇ. ತಂದೆ ಕರಿಯ ಮರಗಪಾತು ಮಾಡುವವರು. ಎಂದರೆ, ನೆರಳು ಹೆಚ್ಚಾದ ಮರ ಹತ್ತಿ ಕೊಂಬೆ ಕಡಿಯುವವರು. ಒಮ್ಮೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗೇಟು ಕಾಯುತ್ತಾರೆ. ತಾಯಿ ಮಾದಿ ಈಗಲೂ ಕಾಫಿ ಪಿಕ್ಕಿಂಗಿಗೆ ಹೋಗುತ್ತಾರೆ. ಮಗಳು ಡಿಪ್ಲೊಮಾ ಓದುವಾಗ ರಜೆಯ ದಿನಗಳಲ್ಲಿ ಅಮ್ಮನ ಜೊತೆ ಹಣ್ಣು ಕುಯ್ದು ಬಸ್‌ ಪಾಸಿಗೆ ದಾರಿ ಮಾಡಿಕೊಂಡಿದ್ದರು. ಕಂಪ್ಯೂಟರ್ ಸಿಗುತ್ತಿದ್ದದ್ದು ಕಾಲೇಜಿನ ಲ್ಯಾಬಿನಲ್ಲಿ ಮಾತ್ರ. ಅಲ್ಲೂ ಕರೆಂಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಂಘಕ್ಕೆ ಅವರು ಬಂದದ್ದು ಸೀಸನ್ ಕೆಲಸಕ್ಕೆ, ಅಂಕಿಅಂಶ ತುಂಬಿಸಲು. ಆಗ ತೂಕಕ್ಕೊಂದು, ಕಾಫಿಯ ತೇವಾಂಶ ನೋಡಲೊಂದು, ಬೆಳೆಗಾರರಿಗೆ ಮೆಸೇಜ್ ಕಳಿಸಲೊಂದು ಎಂದು ಬೇರೆ ಬೇರೆ ಕಂಪ್ಯೂಟರುಗಳಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದಲ್ಲ ಒಂದು ಕೈಕೊಡುತ್ತಿತ್ತು. ಶೋಭಿತಾ ಎರಡು ಹಳೆ ಸರ್ವರ್ ತರಿಸಿ, ಎಲ್ಲವನ್ನೂ ಲೈನ್‌ಮನೆಗೆ ಒಕ್ಕಲು ಕೂರಿಸಿದರು. ಒಂದು ಸರ್ವರ್ ಪೆಟ್ಟಿಗೆ ಕೆಟ್ಟರೆ ಒಕ್ಕಲುಗಳನ್ನೆಲ್ಲ ಇನ್ನೊಂದಕ್ಕೆ ಸಾಗಿಸುತ್ತಾರೆ. ಇವತ್ತು ಮಾಡುತ್ತಿರುವುದೂ ಅದನ್ನೇ. ಒಂದನ್ನು ಖಾಲಿ ಮಾಡಿ ಹೊಸ ಆವೃತ್ತಿ ಹಾಕುವುದು, ಎಲ್ಲರನ್ನೂ ಅಲ್ಲಿಗೆ ತಂದು ಮತ್ತೊಂದಕ್ಕೂ ಅದನ್ನೇ ಹಾಕುವುದು. ಕಡತಗಳಲ್ಲಿ ಅವರ ಹುದ್ದೆ ಈಗಲೂ ‘ಸೀಸನ್ ಆಪರೇಟರ್’.

ಆದರೆ ನಾನು ಇವರನ್ನು ಹುಡುಕಿಕೊಂಡು ಬಂದದ್ದು ಈ ಕೆಲಸಕ್ಕಾಗಿ ಅಲ್ಲ. ಈ ಸಾಫ್ಟ್‌ವೇರಿನ ಪರದೆ ಇವತ್ತು ಕನ್ನಡದಲ್ಲಿ ಮಾತಾಡುತ್ತದೆಯಲ್ಲ, ಆ ಕನ್ನಡದಲ್ಲಿ ಹೆಚ್ಚಿನದು ಇವರದು. ಸಂಬಳವಿಲ್ಲ, ಸನ್ಮಾನವಂತೂ ಇಲ್ಲ. ಬಿಟ್ಟಂಗಾಲದಿಂದ ಬರುವ ಬಸ್ಸಿನಲ್ಲಿ, ಸೀಟು ಸಿಕ್ಕಿದ ದಿನ, ಫೋನಿನಲ್ಲಿ ಒಂದೊಂದೇ ಪದ ಕೂರಿಸುತ್ತಾ ಬಂದಿದ್ದಾರೆ.

“ಮೊದಲು ಎಲ್ಲ ಇಂಗ್ಲಿಷಲ್ಲಿತ್ತು. ತೂಕದಲ್ಲಿದ್ದ ಲೋಕೇಶಣ್ಣ ಪ್ರತಿಯೊಂದಕ್ಕೂ ‘ಶೋಭೀ, ಇಲ್ಲಿ ಬಾ’ ಅಂತ ಕರೀತಿದ್ರು. ಕನ್ನಡದಲ್ಲಿದ್ರೆ ಅವರೇ ಮಾಡ್ತಾರಲ್ಲ ಅಂತ ಶುರು ಮಾಡಿದ್ದು.”

ಅವರು ಬರೆದ ಪದವನ್ನು ಇನ್ನೊಬ್ಬರು ಒಪ್ಪಬೇಕು. ಒಪ್ಪುವವರು ಮಡಿಕೇರಿಯ ಪದ್ಮಾಕ್ಷಿ, ನಿವೃತ್ತ ಕನ್ನಡ ಟೀಚರ್. ಇಬ್ಬರೂ ಒಂದೇ ಜಿಲ್ಲೆಯಲ್ಲಿದ್ದರೂ ಇದುವರೆಗೆ ಮುಖ ನೋಡಿಲ್ಲ. ಜಗಳ ಮಾತ್ರ ದಿನಾ ಫೋನಿನಲ್ಲಿ ಆಗುತ್ತದೆ. ಒಂದು ಪದದ ಮೇಲೆ ಆದ ಜಗಳ ಇಡೀ ಸಂಘಕ್ಕೇ ಗೊತ್ತು.

ಆ ಪದ ‘ತೆಗೆ’.

ಇಂಗ್ಲಿಷಿನ ‘ರಿಮೂವ್’ಗೆ ಶೋಭಿತಾ ‘ತೆಗೆ’ ಎಂದು ಹಾಕಿದ್ದರು. ಟೀಚರ್ ಒಪ್ಪಿದ್ದರು. ಯಾರಿಗೂ ತಪ್ಪು ಕಾಣಿಸಲಿಲ್ಲ. ಕಳೆದ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂದ ಮೇಲೆ ತೂಕದ ಪ್ರೋಗ್ರಾಂ ಏಳಲಿಲ್ಲ. ಶೋಭಿತಾ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಂಗಳದಲ್ಲಿ ಲಾರಿಗಳ ಸಾಲು. ಲೋಕೇಶ್ ಫೋನ್ ಮಾಡಿ ಎಂತ ಮಾಡಲಿ ಎಂದು ಕೇಳಿದರು. ಇವರು ಆಸ್ಪತ್ರೆಯ ಗದ್ದಲದಲ್ಲಿ ನಿಂತು ಹೇಳಿದ ಮಾತು ಹೀಗಿತ್ತು: “ಲೈನ್‌ಮನೆಗೆ ಹೋಗಿ, ತೂಕದ್ದನ್ನ ತೆಗೀರಿ ಲೋಕೇಶಣ್ಣ.”

ತೆರೆಯಿರಿ ಎಂಬ ಅರ್ಥದಲ್ಲಿ ಹೇಳಿದ್ದು. ಬಾಗಿಲು ತೆಗೆಯುತ್ತೇವೆ, ಡಬ್ಬಿ ಮುಚ್ಚಳ ತೆಗೆಯುತ್ತೇವೆ, ನಾವೆಲ್ಲ ಹಾಗೇ ಮಾತಾಡುವುದು. ಲೋಕೇಶ್ ನೋಡಿದರು. ಪರದೆಯ ಮೇಲೆ ‘ತೆಗೆ’ ಎಂದೇ ಬಟನ್ ಇದೆ. ಒತ್ತಿದರು. ‘ಈ ಕ್ರಿಯೆಯನ್ನು ಹಿಂಪಡೆಯಲಾಗದು, ಮುಂದುವರಿಯುವುದೇ?’ ಎಂದು ಕೇಳಿತು. ಸರ್ಕಾರಿ ಕಾಗದದ ಆ ಭಾಷೆಯನ್ನು ಯಾರು ಓದುತ್ತಾರೆ? ‘ಮುಂದುವರಿ’ ಒತ್ತಿದರು. ತೂಕದ ಒಕ್ಕಲು ಒಲೆ ಸಮೇತ ಮಾಯವಾಯಿತು.

ಹಿಂದಿನ ರಾತ್ರಿಯ ಬ್ಯಾಕಪ್ ಪ್ರತಿ ಇದ್ದದ್ದರಿಂದ ಹೆಚ್ಚು ನಷ್ಟವಾಗಲಿಲ್ಲ. ಆದರೆ ಆ ಬೆಳಿಗ್ಗೆ ತೂಗಿದ ಕಾಫಿಯನ್ನೆಲ್ಲ ಮತ್ತೆ ತೂಗಬೇಕಾಯಿತು. ಕಾದು ಕಾದು ಸಾಕಾದ ಬೆಳೆಗಾರರು ಬೈದದ್ದು ಲೋಕೇಶರನ್ನು. ಆವತ್ತಿನಿಂದ ಅವರಿಗೆ ‘ಡಿಲೀಟ್ ಲೋಕೇಶ’ ಎಂಬ ಹೆಸರು ಅಂಟಿತು. ತೂಕದ ಕುರ್ಚಿಯಿಂದ ಎಬ್ಬಿಸಿ ಚೀಲ ಹೊಲಿಯುವ ಶೆಡ್ಡಿಗೆ ಕಳಿಸಿದರು. ಇಪ್ಪತ್ತು ವರ್ಷ ತೂಕದಲ್ಲಿ ಕೂತ ಮನುಷ್ಯ!

ಶೋಭಿತಾ ಕಾರ್ಯದರ್ಶಿ ಕಿರಣ್‌ಕುಮಾರ್ ಎದುರು ನಿಂತರು. “ಪದ ನನ್ನದು ಸರ್, ಹೇಳಿದವಳೂ ನಾನು. ಅವರು ಓದಿದ್ದನ್ನ ಒತ್ತಿದ್ರು ಅಷ್ಟೆ.” ಕಿರಣ್‌ಕುಮಾರ್ ಒಳ್ಳೆಯವರೇ, ಆದರೆ ಬೆಳೆಗಾರರಿಗೆ ಉತ್ತರ ಕೊಡಬೇಕಾದವರು. “ಬಟನ್ ಸರಿಯಾಗಿ ಬರಲಿ, ಆಮೇಲೆ ಅವನನ್ನ ಕೂರಿಸುವಾ,” ಎಂದರು.

ಒಮ್ಮತವಾಗದೆ ಒಂದು ಆವೃತ್ತಿ ಹಳೆ ಪದದಲ್ಲೇ ಬಂದುಹೋಯಿತು, ಅದರ ಮುಂದಿನದರಲ್ಲಾದರೂ ಪದ ಬದಲಾಗಬೇಕಿತ್ತು. ಬಿಡುಗಡೆಗೆ ಕೆಲವು ವಾರಗಳ ಮೊದಲೇ ಪದಗಳಿಗೆ ಬೀಗ ಬೀಳುತ್ತದೆ. ಅಷ್ಟರೊಳಗೆ ಆಗದಿದ್ದರೆ ಮತ್ತೆ ಅರ್ಧ ವರ್ಷ ಕಾಯಬೇಕು. ಅಷ್ಟರಲ್ಲಿ ಈ ಸೀಸನ್ ಮುಗಿದು, ಲೋಕೇಶ್ ಶೆಡ್ಡಿನಲ್ಲೇ ಉಳಿಯುತ್ತಾರೆ.

ಶೋಭಿತಾ ‘ಅಳಿಸು’ ಎಂದರು. ಟೀಚರ್ ನಕ್ಕರು. “ಎಂತ ಮಾರಾಯ್ತಿ, ಮಗುವನ್ನ ಅಳಿಸೋದೂ ಅದೇ ಅಲ್ವಾ?” ಶೋಭಿತಾ ‘ಡಿಲೀಟ್’ ಎಂದರು. ಟೀಚರಿಗೆ ಈ ಸಲ ಸಿಟ್ಟೇ ಬಂತು. “ಡಿಲೀಟ್ ಅಂತಲೇ ಹಾಕುವುದಾದ್ರೆ ನಾನೂ ನೀನೂ ಎಂತಕ್ಕೆ? ಇಂಗ್ಲಿಷಿನವರೇ ಸಾಕಲ್ಲ.” ಆ ಮಾತಿನಲ್ಲೂ ನ್ಯಾಯವಿದೆ ಎಂದು ಶೋಭಿತಾ ಇವತ್ತಿಗೂ ಒಪ್ಪುತ್ತಾರೆ.

ಬೀಗ ಬೀಳುವ ವಾರ ಅವರು ಒಂದು ರಟ್ಟಿನ ಮೇಲೆ ‘ತೆಗೆ’, ‘ಅಳಿಸು’ ಎಂದು ದಪ್ಪಗೆ ಬರೆದು ಅಂಗಳಕ್ಕೆ ಇಳಿದರು. ಇದನ್ನು ಒತ್ತಿದರೆ ಎಂತ ಆಗುತ್ತದೆ ಎಂದು ಕಂಡವರನ್ನೆಲ್ಲ ಕೇಳಿದರು. ‘ತೆಗೆ’ ಎಂದರೆ ಒಬ್ಬ ಬೆಳೆಗಾರರ ಪ್ರಕಾರ ಓಪನ್ ಆಗುತ್ತದೆ. ಇನ್ನೊಬ್ಬರ ಪ್ರಕಾರ ಹೋಗುತ್ತದೆ. ಮಲಯಾಳಿ ಲಾರಿ ಡ್ರೈವರ್, ಕೈಗೆ ಎತ್ತಿಕೊಳ್ಳುವುದು ಎಂದ. ‘ಅಳಿಸು’ ತೋರಿಸಿದಾಗ ಲೋಡಿಂಗಿನ ರಾಜು “ಯಾರನ್ನ ಅಕ್ಕ?” ಎಂದು ಕೇಳಿದ. ಅಂಗಳವೆಲ್ಲ ನಕ್ಕಿತು.

ಚೀಲ ಹೊಲಿಯುತ್ತಿದ್ದ ಲೋಕೇಶ್ ಸೂಜಿ ಚುಚ್ಚಿ ನಿಲ್ಲಿಸಿದರು. “ಶೋಭೀ, ಡಿಲೀಟ್ ಅಂತಲೇ ಹಾಕು. ಒಂದು ವರ್ಷದಿಂದ ಊರೆಲ್ಲ ನನ್ನನ್ನ ಹಾಗೇ ಕರೀತದೆ. ಒಬ್ರಾದ್ರೂ ‘ಹಾಗಂದ್ರೆ ಎಂತ’ ಅಂತ ಕೇಳಿದ್ದುಂಟಾ?”

ನಗು ನಿಂತಿತು. ಆ ಹೆಸರು ಹಿಡಿದು ಕರೆದವರೆಲ್ಲ ಅಲ್ಲೇ ಇದ್ದರು.

ಶೋಭಿತಾ ಅಲ್ಲಿಂದಲೇ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಟೀಚರ್ ಲೋಕೇಶರಿಗೆ ಫೋನ್ ಕೊಡಲು ಹೇಳಿದರು. ನಿಮ್ಮನ್ನು ನೋಯಿಸಿದ ಹೆಸರನ್ನೇ ಅಲ್ಲಿ ಬರೆದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದರಂತೆ. ಲೋಕೇಶ್ ಕೊಟ್ಟ ಉತ್ತರವನ್ನು ಪದ್ಮಾಕ್ಷಿ ಟೀಚರ್ ನನಗೆ ಫೋನಿನಲ್ಲಿ ಹೇಳಿದರು. “‘ಬೇಸರ ಈಗ ಆಗ್ತಾ ಉಂಟು ಟೀಚರ್. ಬಟನ್ ಮೇಲೆ ಹತ್ತಿದ್ರೆ ನನ್ನ ಮೇಲಿಂದ ಇಳೀತದೆ’ ಅಂದ್ರು. ಬಸ್ಸು, ಕಾರು, ಪೆನ್ನು ಎಲ್ಲ ನಮ್ಮದಾಗಿಲ್ವಾ? ಇದೂ ಆಗ್ಲಿ ಅಂತ ಒಪ್ಪಿದೆ.”

ಒಪ್ಪಿ ಸುಮ್ಮನಾಗಲಿಲ್ಲ. ಆ ಸರ್ಕಾರಿ ವಾಕ್ಯವನ್ನು ಕಿತ್ತುಹಾಕಿ ಟೀಚರೇ ಹೊಸದು ಬರೆದರು: ‘ಹೋದರೆ ಮತ್ತೆ ಸಿಗುವುದಿಲ್ಲ. ಡಿಲೀಟ್ ಮಾಡಲೇ?’ ಅದರ ಕೆಳಗಿನ ಎರಡು ಉತ್ತರ ಶೋಭಿತಾ ಅವರದು: ‘ಹೋಗಲಿ’, ‘ಬೇಡ, ಇರಲಿ’. ಓಪನ್‌ಗೆ ಈಗ ‘ಒಳಗೆ ಹೋಗು’ ಎಂದಿದೆ. ಲೈನ್‌ಮನೆಗೆ ಸರಿಯಾಗಿ ಹೊಂದುತ್ತದೆ.

ನಿನ್ನೆ ಬಂದ ಬಿಡುಗಡೆ ಪ್ರಕಟಣೆಯನ್ನು ಶೋಭಿತಾ ನನಗೆ ತೋರಿಸುತ್ತಾರೆ. ಉದ್ದದ ಪಟ್ಟಿ. ನಡೆಯುತ್ತಿರುವ ಮಷೀನನ್ನು ನಿಲ್ಲಿಸದೆ ಸಾಗಿಸುವುದು ಸುಲಭವಾಗಿದೆ, ಬ್ಯಾಕಪ್ ಚುರುಕಾಗಿದೆ, ಕಂಟೇನರ್, ವರ್ಚುವಲ್ ಮಷೀನ್ ಎರಡೂ ಒಂದೇ ಪುಟದಲ್ಲಿ ಕಾಣುತ್ತವೆ. ಎಲ್ಲಕ್ಕಿಂತ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಒಂದು ಸಾಲು: ಅನುವಾದಗಳನ್ನು ಪರಿಷ್ಕರಿಸಲಾಗಿದೆ. ಇಷ್ಟೇನಾ ಎಂದು ನನಗೆ ಕೆಟ್ಟೆನಿಸುತ್ತದೆ. ಅವರಿಗೆ ಹಾಗೇನೂ ಇಲ್ಲ. “ಹಾಕಿದ್ದಾರಲ್ಲ ಸರ್. ಬಟನ್ ಬಂದಿದ್ರೆ ಸಾಕು.”

ಬಿಸಿಲು ಅಂಗಳಕ್ಕೆ ಇಳಿಯುವಾಗ ಎರಡೂ ಪೆಟ್ಟಿಗೆಗಳ ಕೆಲಸ ಮುಗಿದಿದೆ. ಮೊದಲ ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ. ಕಿರಣ್‌ಕುಮಾರ್ ಬಂದು, ಹೊಸ ಪರದೆ ನೋಡಿ, ಶೆಡ್ಡಿನ ಕಡೆ ತಿರುಗಿ “ಲೋಕೇಶ್, ಬಾ ಮಾರಾಯ,” ಎಂದು ಕರೆಯುತ್ತಾರೆ.

ಲೋಕೇಶ್ ಕೈ ತೊಳೆದು ಬಂದು ಕೂರುತ್ತಾರೆ. ಎಲ್ಲರೂ ನೋಡುತ್ತಿರುವಾಗ ಬೇಕೆಂದೇ ‘ಡಿಲೀಟ್’ ಒತ್ತುತ್ತಾರೆ. ಕಿರಣ್‌ಕುಮಾರ್ ಅವರ ಬಾಯಿ ತೆರೆದೇ ಉಳಿಯುತ್ತದೆ. ಟೀಚರ್ ಬರೆದ ವಾಕ್ಯ ಪರದೆಗೆ ಬರುತ್ತದೆ. ಲೋಕೇಶ್ ಅದನ್ನು ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಓದಿ, “ಬೇಡ, ಇರಲಿ,” ಎಂದು ಒತ್ತಿ, ಲಾರಿಗೆ ಕೈ ಬೀಸುತ್ತಾರೆ.

ನಾವಿಬ್ಬರೂ ಎದುರಿನ ಹೋಟೆಲಿಗೆ ಹೋಗಿ ಟೀ ಹೇಳಿ ಕೂರುತ್ತೇವೆ. ಶೋಭಿತಾ ಫೋನನ್ನು ಮೇಜಿನ ಮೇಲೆ, ಕೈಗೆ ಎಟಕುವಲ್ಲಿ ಇಡುತ್ತಾರೆ. ಮಾತಾಡುತ್ತಲೇ ಅದರ ಕಡೆ ನೋಡುತ್ತಾರೆ, ಆಮೇಲೆ ಸಂಘದ ಕಿಟಕಿಯ ಕಡೆ ನೋಡುತ್ತಾರೆ. ಒಂದರ ಹಿಂದೆ ಒಂದು ಲಾರಿ ಒಳಗೆ ಹೋಗಿ ಹೊರಗೆ ಬರುತ್ತಿದೆ. ಫೋನ್ ರಿಂಗಾಗುವುದಿಲ್ಲ. ಹುದ್ದೆ, ಸಂಬಳದ ಬಗ್ಗೆ ಏನಾದರೂ ಆಸೆ ಇದೆಯೇ ಎಂದು ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಅವರು ಖಾಲಿ ಲೋಟವನ್ನು ಬಗ್ಗಿಸಿ ನನಗೆ ತೋರಿಸಿ ನಗುತ್ತಾರೆ.

“ಸೀಸನಲ್ಲಿ ನಾನು ಕೂತು ಪೂರ್ತಿ ಟೀ ಕುಡಿದದ್ದು ಇದೇ ಮೊದಲು ಸರ್. ಲೋಕೇಶಣ್ಣ ಕರೀಲೇ ಇಲ್ಲ.”