ಲೈಟ್ ಹೋದಾಗ ಕೂಗಿದ ದೊಡ್ಡವ್ವ

ದೊಡ್ಡವ್ವನ ಉಗುರುಗಳು ನಡುವೆ ತಗ್ಗು ಬಿದ್ದು ಚಮಚದ ಹಾಗಿದ್ದವು. ಕೈ ತೊಳೆದುಕೊಂಡು ಬಂದರೆ ಒಂದೊಂದರಲ್ಲೂ ಒಂದೊಂದು ಹನಿ ನೀರು ನಿಲ್ಲುತ್ತಿತ್ತು. "ನೋಡ್ ಬೇ, ದೇವರು ನನಗ ಹತ್ತು ಬಟ್ಟಲಾ ಕೊಟ್ಟು ಕಳಿಸ್ಯಾನ, ತುಂಬಾಕ ಏನೂ ಕೊಟ್ಟಿಲ್ಲ" ಅಂತ ತಾನೇ ಹೇಳಿ ತಾನೇ ನಗುತ್ತಿದ್ದಳು.

ಆಕೆ ನನ್ನ ಮಾವನ ದೂರದ ಅಣ್ಣನ ಹೆಂಡತಿ. ಗಂಡ ಯಾವಾಗಲೋ ತೀರಿದ್ದ, ಮಕ್ಕಳಿರಲಿಲ್ಲ. ಬನಹಟ್ಟಿಯಲ್ಲಿ ನಮ್ಮ ಮನೆಯೆದುರಿಗೇ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಬೆಳಗಾದರೆ ನಮ್ಮ ಪಡಸಾಲೆಗೆ ಬಂದು, ರಾಟಿ ಮುಂದಿಟ್ಟುಕೊಂಡು ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕಿ ಸುತ್ತುತ್ತ ಕೂಡುವಳು. ನಮ್ಮ ಮನೆಯೆಂದರೆ ಆಕೆಗೆ ಕೆಲಸವೂ ಹೌದು, ಬಳಗವೂ ಹೌದು.

ನಮ್ಮ ಓಣಿಯ ಸದ್ದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮನೆಮನೆಗೂ ಪವರ್‌ಲೂಮ್. ಒಮ್ಮೆ ಶುರುವಾದರೆ ಖಟಾಖಟ್ ಖಟಾಖಟ್, ಪಕ್ಕದವರು ಬೊಬ್ಬೆ ಹೊಡೆದರೂ ಕೇಳುವುದಿಲ್ಲ. ಎಲ್ಲವೂ ಕೈಸನ್ನೆ. ಊಟಕ್ಕೆ ಬಾಯಿಯತ್ತ ಕೈ, ನೀರಿಗೆ ಹೆಬ್ಬೆರಳು, ಸಿಟ್ಟಿಗೆ ಕಣ್ಣು. ನಾನೋ ಸಾವಳಗಿಯ ಹೊಲಮನೆಯಿಂದ ಬಂದ ಬಾಯಿಬಡಕಿ. ಹೊಸದರಲ್ಲಿ ಗಂಡನ ದನಿ ಹೇಗಿದೆ ಅಂತ ನನಗೆ ತಿಳಿಯುತ್ತಿದ್ದದ್ದೇ ಲೈಟ್ ಹೋದಾಗ! ಮನೆ ತುಂಬ ಮಂದಿ ಇದ್ದರೂ ನಾನು ಒಬ್ಬಂಟಿ. ಎಲ್ಲರ ಊಟ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಉಳಿದ ರೊಟ್ಟಿ, ಉಳಿದ ಪಲ್ಯ ತಿನ್ನುತ್ತ ಕೂಡುತ್ತಿದ್ದೆ.

ಮೊದಲ ಸಲ ದಿನ ನಿಂತಾಗ ಖುಷಿ ತಡೆಯಲಾರದೆ ತವರಿಗೆ, ಗೆಳತಿಯರಿಗೆ, ಎಲ್ಲರಿಗೂ ಫೋನ್ ಮಾಡಿದ್ದೆ. ಮೂರು ತಿಂಗಳು ತುಂಬುವುದರೊಳಗೆ ಬಸಿರು ಇಳಿದುಹೋಯಿತು. "ಊರಿಗೆಲ್ಲಾ ಡಂಗುರಾ ಸಾರಿದಿ, ಕಣ್ಣ ಹತ್ತಿತು" ಅಂದರು ಅತ್ತೆ. ಹಾಗಂದು ಅವರೂ ಅತ್ತರು. ಕೆಟ್ಟವರೇನಲ್ಲ. ಎರಡನೆಯ ಸಲ ಗೊತ್ತಾದಾಗ ನನ್ನ ತಲೆ ಮೇಲೆ ಕೈಯಿಟ್ಟು, "ಮೂರು ತುಂಬೂತನಕಾ ಈ ಮಾತು ನಮ್ಮ ಹೊಸ್ತಿಲಾ ದಾಟಬಾರದು ನೋಡವಾ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು, ಏನಾದರೂ ಉಂಟೇ ಅಂತ ಸನ್ನೆಯಲ್ಲಿ ಕೇಳಿದರೆ, ಅತ್ತೆ ಕೈ ಆಡಿಸಿ ಇಲ್ಲವೆಂದು ಕಳಿಸಿಬಿಡುತ್ತಿದ್ದರು. ಹೆಸರು ಬರೆಸಿದರೆ ಸುದ್ದಿ ಓಣಿಗೆಲ್ಲ ಆಗುತ್ತದಲ್ಲ, ಅದೇ ಭಯ.

ಇತ್ತ ನನಗೆ ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ. ಬಯಕೆ ಯಾವುದರ ಮೇಲೆ ಅಂತೀರಿ? ಮಣ್ಣಿನ ಮೇಲೆ! ನೀರು ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಹಿತ್ತಲ ಗೋಡೆಯ ಹೆಂಟೆ ಕಿತ್ತು, ಸೆರಗು ಅಡ್ಡ ಹಿಡಿದು ತಿನ್ನುತ್ತಿದ್ದೆ. ಒಂದು ಮಧ್ಯಾಹ್ನ ದೊಡ್ಡವ್ವ ಅಲ್ಲೇ ನನ್ನನ್ನು ಹಿಡಿದಳು. ಬೈಯಲಿಲ್ಲ. ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಕಿವಿಯ ಹತ್ತಿರ ಬಾಯಿ ತಂದಳು.

"ಅಯ್ಯ ನನ್ನವ್ವಾ, ಸುಣ್ಣದಂಗ ಬೆಳ್ಳಗಾಗೇತಿ! ಎಷ್ಟು ತಿಂಗಳಾ?"

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ನಾನೂ ಮಣ್ಣ ತಿಂದೇನಿ ಬೇ. ಪ್ರತಿ ಬಸುರಿನ್ಯಾಗೂ ತಿಂದೇನಿ. ಒಂದೂ ಉಳೀಲಿಲ್ಲ. ಆಗ ನಮ್ಮತ್ತಿನೂ ಯಾರಿಗೂ ಹೇಳಬ್ಯಾಡ ಅಂದಿದ್ಲು."

ಮಣ್ಣು ತಿಂದದ್ದನ್ನು ಅತ್ತೆಗೆ ಹೇಳಬೇಡ ಅಂತ ಕೈ ಮುಗಿದೆ. ಆಕೆ ಕೇಳಲಿಲ್ಲ, ನೇರ ಒಳಗೆ ಹೋದಳು. ಮಗ್ಗಗಳು ನಡೆದಿದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರಿಬ್ಬರ ಜಗಳ ನೋಡಿದೆ. ಬರೀ ಕೈಯ ಜಗಳ. ದೊಡ್ಡವ್ವ ತನ್ನ ಕಣ್ಣ ರೆಪ್ಪೆ ಎಳೆದು ತೋರಿಸಿದಳು, ದವಾಖಾನೆಯ ದಿಕ್ಕಿಗೆ ಕೈ ಮಾಡಿದಳು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಮರುದಿನವೂ ಅದೇ ಆಯಿತು. ನನ್ನ ಕೂಸಿನ ಮಾತು ಅಲ್ಲಿ ನಡೆಯುತ್ತಿತ್ತು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಆಮೇಲೊಂದು ದಿನ ಆಶಾ ಕಾರ್ಯಕರ್ತೆ ಓಣಿಯ ಆ ತುದಿಯ ಬಾಣಂತಿಯ ಮನೆಗೆ ಬಂದಿದ್ದಳು. ದೊಡ್ಡವ್ವ ರಾಟಿ ಬಿಟ್ಟು ಕಟ್ಟೆಯ ಮೇಲೆ ಹೋಗಿ ನಿಂತಳು. ಸುಮ್ಮನೆ ನಿಂತೇ ಇದ್ದಳು. ನಮ್ಮಲ್ಲಿ ಆ ಹೊತ್ತಿಗೆ ಲೈಟ್ ಹೋಗುವುದು ದಿನದ ಪಾಡು. ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗಪ್ಪಾದವು.

"ಆಶಾ ಅಕ್ಕಾರ! ನಮ್ಮ ಸೊಸಿ ಬಸುರದಾಳ್ರೀ! ಮೈಯಾಗ ಹನಿ ರಕ್ತ ಇಲ್ರೀ! ಲಗೂನ ಬರ್ರೀ!"

ಎಂಥ ದನಿ ಅಂತೀರಿ! ಬಾಗಿಲು ಬಾಗಿಲಿಗೂ ಮಂದಿ ಬಂದು ನಿಂತರು. ಗುಟ್ಟಾಗಿ ಹೇಳಿದ್ದರೆ ಅತ್ತೆ ಸುಳ್ಳು ಅನ್ನಬಹುದಿತ್ತು, ಈಗ ಅನ್ನುವ ಹಾಗಿರಲಿಲ್ಲ. ದೊಡ್ಡವ್ವ ಕಟ್ಟೆ ಇಳಿದು, ತನ್ನ ಕಪಾಳಕ್ಕೆ ತಾನೇ ಹೊಡೆದುಕೊಂಡು ಹೇಳಿದಳು: "ಕಣ್ಣ ಹತ್ತೂದಿದ್ರ ಕೂಗಿದ ಬಾಯಿಗಿ ಹತ್ತಲಿ. ಕೂಸಿಗಿ ಬ್ಯಾಡ." ಆಕೆ ದೃಷ್ಟಿಯನ್ನು ನಂಬದವಳಲ್ಲ. ಅತ್ತೆಗಿಂತ ಹೆಚ್ಚೇ ನಂಬಿದ್ದಳು. ನಂಬಿಯೂ ಕೂಗಿದಳು.

ಅದೇ ಸಂಜೆ ಆಶಾ ಕಾರ್ಯಕರ್ತೆ ನನ್ನನ್ನು ಜಮಖಂಡಿಯ ದವಾಖಾನೆಗೆ ಕರೆದೊಯ್ದಳು. ರಕ್ತ ನೋಡಿದ ಡಾಕ್ಟರಮ್ಮ, "ಇಷ್ಟರಾಗ ಹೆಂಗ ಅಡ್ಡಾಡಾಕತ್ತಿದ್ದಿ ತಂಗಿ? ಇನ್ನಷ್ಟು ತಡಾ ಮಾಡಿದ್ರ ನಿನ್ನ ಜೀವಕ್ಕೂ ಕುತ್ತಿತ್ತು" ಅಂದರು. ಬಾಟಲಿ ರಕ್ತ ಏರಿಸಿದರು, ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು, ಗುಳಿಗೆಯ ಜೊತೆ ಚಹಾ ಕುಡಿಯಬೇಡ ಎಂದು ಬೈದು ಕಳಿಸಿದರು. ಹೋದ ಸಲ ಇಳಿದುಹೋದದ್ದೂ ಇದರಿಂದಲೇ ಏನೋ, ಈಗ ಹೇಗೆ ಹೇಳುವುದು ಅಂದರು.

ಮನೆಗೆ ಬಂದಾಗ ಪಡಸಾಲೆಯಲ್ಲಿ ರಾಟಿ ಇರಲಿಲ್ಲ. ಅತ್ತೆ ದೊಡ್ಡವ್ವನಿಗೆ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಆಕೆಯ ರಾಟಿಯನ್ನೆತ್ತಿ ಹೊರಗೆ ಕಟ್ಟೆಯ ಮೇಲಿಟ್ಟಿದ್ದರು. ದೊಡ್ಡವ್ವ ಅದನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿ, ಬೇರೆ ಓಣಿಯಲ್ಲಿ ಕಂಡಿಕಿ ಸುತ್ತಲು ಕೂತಳು.

ಮಗಳು ನನ್ನ ತವರು ಸಾವಳಗಿಯಲ್ಲಿ ಹುಟ್ಟಿದಳು. ತೊಟ್ಟಿಲ ಶಾಸ್ತ್ರಕ್ಕೆ ದೊಡ್ಡವ್ವನನ್ನು ಕರೆಯಲು ನನ್ನ ತಮ್ಮನನ್ನೇ ಕಳಿಸಿದೆ. ಬರಲಿಲ್ಲ. ಬನಹಟ್ಟಿಗೆ ಮರಳಿದ ಮೇಲೆ ಕೂಸನ್ನೆತ್ತಿಕೊಂಡು ನಾನೇ ಆಕೆಯ ಕೋಣೆಗೆ ಹೋದರೆ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು.

"ಆಕೀನ್ನ ಹೊರಗ ಕೊಟ್ಟು ಬಾ. ನಾ ನೋಡಬಾರದು. ಕೂಗಿದಾಕಿ ನಾ, ಆ ಕಣ್ಣ ನನ್ನ ಮ್ಯಾಲೈತಿ."

"ಅದು ಕಣ್ಣಲ್ಲ ದೊಡ್ಡವ್ವ. ರಕ್ತ ಇರಲಿಲ್ಲ, ಅಷ್ಟ. ಡಾಕ್ಟರ್ ಹೇಳ್ಯಾರ."

"ಖರೆ ಇರಬಹುದು ಬೇ. ಇರಲಿಕ್ಕಿಲ್ಲಂದ್ರ? ಇರೂದು ಒಂದ ಕೂಸು ನಿನಗ."

ಆಮೇಲೆ ಎಷ್ಟು ಸಲ ಹೋದೆನೋ. ನನ್ನೊಡನೆ ನಗುವಳು, ಕೈಗೆ ಬೆಲ್ಲ-ಶೇಂಗಾ ಕೊಡುವಳು, ಮಗಳು ಉಂಡಳೇ, ಜ್ವರ ಇಳಿಯಿತೇ ಎಂದು ಕೇಳುವಳು. ಮಗಳು ಓಣಿಯಲ್ಲಿ ಆಡಲು ಬಂದರೆ ಮಾತ್ರ ತಟ್ಟನೆ ಬಾಗಿಲು ಹಾಕಿಕೊಳ್ಳುವಳು. "ಆ ಆಯಿಗಿ ನನ್ನ ಮ್ಯಾಲ ಯಾಕ ಸಿಟ್ಟು?" ಅಂತ ಹುಡುಗಿ ಕೇಳಿದರೆ ಏನು ಹೇಳಲಿ? ಅಷ್ಟು ಪ್ರೀತಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಏನು ಮಾಡುತ್ತಿದ್ದಳೋ.

ಹೋದ ವರ್ಷ ಆಕೆ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಎಲ್ಲರಿಗಿಂತ ಹಿಂದೆ ಅತ್ತೆ ಬಂದರು, ಮಗಳ ಕೈ ಹಿಡಿದುಕೊಂಡು. ಅವಳನ್ನು ಮುಂದೆ ತಂದು ದೊಡ್ಡವ್ವನ ಎದುರಿಗೆ ನಿಲ್ಲಿಸಿ, "ಯಕ್ಕಾ, ನಿನ್ನ ಕೂಸು ನೋಡ" ಅಂದು ಗೊಳೋ ಅಂತ ಅತ್ತರು.

ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಅಂತ ನನಗೆ ಸಿಟ್ಟು ಬಂತು, ಅಳುವೂ ಬಂತು. ಮಗಳು ಮುಂದೆ ಬಗ್ಗಿ ಆ ಮುಖವನ್ನು ಹತ್ತಿರದಿಂದ, ಮೊದಲ ಸಲ, ಕಣ್ತುಂಬ ನೋಡಿದಳು. ದೊಡ್ಡವ್ವನ ಕಣ್ಣುಗಳು ಮುಚ್ಚಿದ್ದವು.